ಕಂಕನಾಡಿಯ ಆಶಾನ್ ಓದು: ಮಲಯಾಳಂ ಬಾರದವರೂ ಸೇರಬಹುದಾದ ತರಗತಿ

ಕಾಸರಗೋಡು ಬಸ್ಸಿನಲ್ಲಿ, ಅಂಗಡಿಯಲ್ಲಿ ಮಾತಾಡುವಷ್ಟು ಮಲಯಾಳಂ ಸಾಕು ಅನ್ನುವವರಿಗೆ ಈ ತರಗತಿ ಅಲ್ಲ. ಇಲ್ಲಿ ಓದಿಸುವುದು ಒಬ್ಬನೇ ಕವಿಯನ್ನು: ಕುಮಾರನ್ ಆಶಾನ್. ಮಂಗಳೂರಿನ ಕಂಕನಾಡಿ ಮಾರ್ಕೆಟ್ ಹತ್ತಿರ, ಮಹಡಿ ಮೇಲಿನ ಕೋಣೆ. ಭಾನುವಾರ ಸಂಜೆ ಎರಡು ಗಂಟೆ ಹೊತ್ತು ನಡೆಯುತ್ತದೆ. ತಿಂಗಳಿಗೆ 500 ರೂಪಾಯಿ, ಜೆರಾಕ್ಸ್ ಹಾಳೆ ಮತ್ತು ನಡುವೆ ಸಿಗುವ ಚಾ ಎಲ್ಲ ಅದರಲ್ಲೇ ಬಂತು.

ಹೇಳಿಕೊಡುವವರು ಕಾಸರಗೋಡು ಕಡೆಯ ನಿವೃತ್ತ ಶಿಕ್ಷಕರು. ಎಲ್ಲರೂ ಮಾಷ್ಟ್ರೇ ಅಂತಲೇ ಕರೆಯುತ್ತೇವೆ. ಪಾಠ ಕನ್ನಡದಲ್ಲಿ, ಪದ್ಯ ಮಲಯಾಳಂನಲ್ಲಿ. ಲಿಪಿ ಬಾರದವರಿಗೆ ಪದ್ಯವನ್ನು ಕನ್ನಡ ಅಕ್ಷರದಲ್ಲಿ ಬರೆದು ಕೊಡುತ್ತಾರೆ.

ಶುರುವಾಗುವುದು 1907ರ 'ವೀಣಪೂವು' ಕವನದಿಂದ. ನೆಲಕ್ಕೆ ಬಿದ್ದ ಒಂದು ಹೂವಿನ ಮೇಲೆ 41 ಪದ್ಯ. ಅದರ ಎಳೆತನ, ಯೌವನ, ಹುಡುಕಿಕೊಂಡು ಬಂದ ದುಂಬಿ, ಕಡೆಗೆ ಮಣ್ಣು. ಮಾಷ್ಟ್ರು ಮೊದಲು ಅರ್ಥ ಹೇಳಲೇ ಇಲ್ಲ. "ಮನೆಯಲ್ಲಿ ಬೆಳಿಗ್ಗೆ ವೆಂಕಟೇಶ ಸುಪ್ರಭಾತ ಹಾಕ್ತೀರಲ್ಲ, ಅದರ 'ಮಾತಸ್ಸಮಸ್ತ ಜಗತಾಂ' ಹೇಳಿ" ಅಂದರು. ಹೇಳಿದೆವು. ಅದೇ ಧಾಟಿಯಲ್ಲಿ ಅವರು 'ಹಾ ಪುಷ್ಪಮೇ' ಅಂತ ಎತ್ತಿಕೊಂಡರು. ಎರಡೂ ವಸಂತತಿಲಕ ಎಂಬ ಒಂದೇ ಸಂಸ್ಕೃತ ಛಂದಸ್ಸಿನವು. ನನಗೆ ಮೈ ಜುಮ್ಮೆಂದಿತು. ಅರ್ಧಕ್ಕರ್ಧ ಪದಗಳು ಸಂಸ್ಕೃತದವು, ನಮಗೆ ಗೊತ್ತಿರುವಂಥವೇ. ಉಳಿದವನ್ನು ಒಂದೊಂದಾಗಿ ಬಿಡಿಸಿ ಹೇಳಿದರು. ಕೆಲವು ಪದ್ಯಕ್ಕೆ ಇಡೀ ಸಂಜೆ ಹೋಗುತ್ತದೆ. ಅವಸರ ಇಲ್ಲ. ಅರ್ಥವಾಗದವರು ಮತ್ತೆ ಕೇಳಿದರೆ ಮುಖ ಸಿಂಡರಿಸುವುದಿಲ್ಲ, ಮತ್ತೆ ಹಾಡುತ್ತಾರೆ. ನಾನು ಈ ತರಗತಿಗೆ ಪೂರ್ತಿ ಅಂಕ ಕೊಡುವುದು ಇದಕ್ಕೇ. ಕಿವಿಗೆ ಮೊದಲು ಹಿಡಿಸಿ, ಆಮೇಲೆ ಅರ್ಥಕ್ಕೆ ಕರೆದುಕೊಂಡು ಹೋಗುತ್ತಾರೆ.

ಕವಿಯ ಬದುಕಿಗೆ ಬರುವ ದಾರಿಯೂ ನಮ್ಮೂರಿನದೇ. ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ್ದು 1912ರಲ್ಲಿ ಎಂಬುದು ಇಲ್ಲಿನವರಿಗೆ ಗೊತ್ತು. ಆ ಹೊತ್ತಿಗೆ ಗುರುಗಳ ಎಸ್‌ಎನ್‌ಡಿಪಿ ಯೋಗಂ ಎಂಬ ಸಮಾಜ ಸುಧಾರಣೆಯ ಸಂಘದ ಕಾರ್ಯದರ್ಶಿಯಾಗಿದ್ದವರು ಆಶಾನ್. 1903ರಲ್ಲಿ ಯೋಗಂ ಹುಟ್ಟಿದಾಗಿನಿಂದ ಆ ಕೆಲಸ ಅವರದೇ. ಗುರುಗಳೇ ಈ ಹುಡುಗನನ್ನು ಓದಲು ಬೆಂಗಳೂರಿಗೆ ಕಳಿಸಿದ್ದರು. ಸಂಸ್ಕೃತ ಕಾಲೇಜಿನಲ್ಲಿ ನ್ಯಾಯಶಾಸ್ತ್ರ. ಅಲ್ಲಿ ಆಸರೆಯಾದವರು ಡಾಕ್ಟರ್ ಪಲ್ಪು. ಜಾತಿಯ ಕಾರಣಕ್ಕೆ ತಿರುವಾಂಕೂರಿನಲ್ಲಿ ಕೆಲಸ ಸಿಗದೆ ಮೈಸೂರು ಸರ್ಕಾರದಲ್ಲಿ ಡಾಕ್ಟರಾಗಿದ್ದವರು ಅವರು. ಇದನ್ನು ಕೇಳಿದ ಮೇಲೆ 'ಚಂಡಾಲಭಿಕ್ಷುಕಿ' ಓದಿದರೆ ಬೇರೆಯೇ ಕೇಳಿಸುತ್ತದೆ. ಬಾವಿಕಟ್ಟೆಯಲ್ಲಿ ಬೌದ್ಧ ಭಿಕ್ಷು ನೀರು ಕೇಳುತ್ತಾನೆ, ನೀರು ಸೇದುವ ಹುಡುಗಿ ತನ್ನ ಜಾತಿ ಹೇಳಿ ಹಿಂಜರಿಯುತ್ತಾಳೆ. ಬಾಯಾರಿದವನು ಕೇಳಿದ್ದು ನೀರು ಮಾತ್ರ, ಜಾತಿ ಅಲ್ಲ. ಆ ದಿನ ತರಗತಿಯಲ್ಲಿ ಒಬ್ಬ ಹಿರಿಯರು ತಮ್ಮ ಹಳ್ಳಿಯ ಬಾವಿಯ ಕತೆ ಹೇಳಲು ಶುರು ಮಾಡಿದರು. ಮಾಷ್ಟ್ರು ಪಾಠ ಬಿಟ್ಟು ಕೇಳುತ್ತಾ ಕೂತರು. ಚಾ ತಣ್ಣಗಾಯಿತು, ಯಾರೂ ಏಳಲಿಲ್ಲ.

ನನಗೆ ಸಾಲದು ಅನಿಸಿದ್ದು ಒಂದು ವಿಷಯ. 1921ರಲ್ಲಿ ಆಶಾನ್ ಆಲುವಾದಲ್ಲಿ ಯೂನಿಯನ್ ಟೈಲ್ ವರ್ಕ್ಸ್ ಅಂತ ಹೆಂಚಿನ ಕಾರ್ಖಾನೆ ತೆರೆದರು. ಮಾಷ್ಟ್ರು ಅದನ್ನು ಒಂದೇ ಮಾತಿನಲ್ಲಿ ದಾಟಿಸಿಬಿಟ್ಟರು. ಹೆಂಚಿನ ಊರಲ್ಲಿ ಕೂತು ಹಾಗೆ ಮಾಡಬಾರದು! ಬಾಸೆಲ್ ಮಿಶನ್‌ನವರು 1865ರಲ್ಲಿ ಕಾರ್ಖಾನೆ ಹಾಕಿದ ಜೆಪ್ಪುವಿನಲ್ಲಿ ಬೆಳೆದವಳು ನಾನು. ಅಪ್ಪ ಹಸಿ ಹೆಂಚನ್ನು ಒಣಗಲು ಜೋಡಿಸುವ ಕೆಲಸದಲ್ಲಿದ್ದರು. ಸಂಜೆ ಬಂದಾಗ ಕೈಯ ಗೆರೆಗಳಲ್ಲೆಲ್ಲ ಮಣ್ಣು. ಮಹಾಕವಿ ಅನ್ನಿಸಿಕೊಂಡ ಮನುಷ್ಯ ಮಣ್ಣು, ಸೌದೆ, ಕೂಲಿ ಅಂತ ಯೋಚಿಸುತ್ತಿದ್ದ ಅನ್ನುವುದು ನನಗೆ ಸಣ್ಣ ಸಂಗತಿ ಅಲ್ಲ. ಕಾರ್ಖಾನೆ ಶುರುವಾದ ಮರುವರ್ಷವೇ 'ದುರವಸ್ಥ' ಬಂತು. ಮಲಬಾರ್ ಗಲಭೆಯಲ್ಲಿ ಮನೆ ಕಳೆದುಕೊಂಡ ನಂಬೂದಿರಿ ಬ್ರಾಹ್ಮಣ ಹೆಣ್ಣು, ಅಸ್ಪೃಶ್ಯರೆನಿಸಿದ್ದ ಪುಲಯ ಜಾತಿಯ ಚಾತ್ತನ ಗುಡಿಸಲಲ್ಲಿ ಬದುಕು ಕಟ್ಟಿಕೊಳ್ಳುವ ಕತೆ. ಇವೆರಡನ್ನೂ ಒಂದೇ ವಾರ ಇಟ್ಟು ಪಾಠ ಮಾಡಿ ಅಂತ ನಾನು ಮಾಷ್ಟ್ರಿಗೆ ಹೇಳಿದ್ದೇನೆ.

ಬೇರೆ ಕೊರತೆಗಳೂ ಇವೆ. ಮೆಟ್ಟಿಲು ಕಡಿದು, ಮಂಡಿ ನೋವಿದ್ದವರಿಗೆ ಕಷ್ಟ. ಕಾರು ನಿಲ್ಲಿಸಲು ಜಾಗ ಇಲ್ಲ, ಬಸ್ಸಿಗೇ ಬನ್ನಿ. ಜೆರಾಕ್ಸ್ ಅಕ್ಷರ ತೀರಾ ಸಣ್ಣ. ಮಲಯಾಳಂನ ೞ ಬರುವಲ್ಲೂ ಹಾಳೆಯಲ್ಲಿ ಸುಮ್ನೆ ಳ ಅಂತ ಬರೆದಿರುತ್ತಾರೆ, ಇದರಿಂದ ಮನೆಯಲ್ಲಿ ಓದುವಾಗ ಉಚ್ಚಾರ ತಪ್ಪುತ್ತದೆ. ಫೋನಿನಲ್ಲಿ ಅವರ ಹಾಡು ರೆಕಾರ್ಡ್ ಮಾಡಿಕೊಳ್ಳಿ, ಅವರು ಬೇಡ ಅನ್ನುವುದಿಲ್ಲ.

ಕವಿಯ ಸಾವಿನ ಪಾಠ ಮಾತ್ರ ಅವರು ಚುಟುಕಾಗಿ ಮುಗಿಸಿದರು, ಅದು ಸರಿಯೇ ಅನಿಸಿತು. 1924ರ ಜನವರಿ 16ರಂದು ಪಲ್ಲನದಲ್ಲಿ ರಿಡೀಮರ್ ಎಂಬ ಬೋಟು ಮಗುಚಿತು. ಆಶಾನ್‌ಗೆ ಆಗ 50 ವರ್ಷ. ಅಷ್ಟು ಹೇಳಿ 'ಕರುಣ' ತೆರೆದರು. ಸಾವಿನ ಹಿಂದಿನ ವರ್ಷ ಬಂದ ಕಾವ್ಯ ಅದು.

ಬರುವ ತಿಂಗಳು 'ಚಿಂತಾವಿಷ್ಟಯಾಯ ಸೀತ' ಶುರು. 1919ರದ್ದು. ವಾಲ್ಮೀಕಿ ಆಶ್ರಮದಲ್ಲಿ ಒಬ್ಬಳೇ ಕೂತ ಸೀತೆ, ರಾಮ ಮಾಡಿದ್ದು ಸರಿಯಾ ಅಂತ ತನ್ನೊಳಗೇ ವಿಚಾರಣೆ ನಡೆಸುತ್ತಾಳೆ. ರಾತ್ರಿಯಿಡೀ ಕೂತು ತಾಳಮದ್ದಲೆ ಕೇಳುವ ನಮ್ಮ ಕಡೆಯವರಿಗೆ ಈ ಸೀತೆಯ ವಾದ ಖಂಡಿತ ಹಿಡಿಸುತ್ತದೆ. ಸೇರುವವರು ಮೊದಲ ಭಾನುವಾರವೇ ಬನ್ನಿ. ಮೊದಲ ಪದ್ಯಗಳನ್ನು ಅವರ ಬಾಯಲ್ಲೇ ಕೇಳಬೇಕು.