"ಬೆಳೆದದ್ದೆಲ್ಲಾ ನಾವ ಕೊಂಡ್ಕೋತೀವಿ" ಅನ್ನೋ ಹೈಡ್ರೋಪೋನಿಕ್ಸ್ ಮಂದಿಯಿಂದ ಹುಷಾರ್ ಇರ್ರಿ

ಪುಣೆ, ಪಿಂಪ್ರಿ-ಚಿಂಚವಡ ಕಡೆ ಇರೋ ನಮ್ಮ ಮಂದಿ ದಯವಿಟ್ಟು ಪೂರ್ತಿ ಓದ್ರಿ. ಮಣ್ಣಿಲ್ಲದ ಕೃಷಿ ಅಂತ ಹೇಳಿ ಟೆರೇಸ್ ಮ್ಯಾಲೆ ಪೈಪಿನ ಸ್ಟ್ಯಾಂಡ್ ಕೂಡಿಸಿಕೊಟ್ಟು, ಲೆಟ್ಯೂಸ್ (ಸಲಾಡಿಗೆ ಹಾಕೋ ಸೊಪ್ಪು) ಬೆಳಸ್ರಿ, ಬೈಬ್ಯಾಕ್ ಗ್ಯಾರಂಟಿ ಅನ್ನೋರು ಸೊಸೈಟಿ ಸೊಸೈಟಿ ತಿರುಗಾಕತ್ತಾರ. ನಮ್ದು 52 ಸಾವಿರ ಹೋಗೇತಿ. ಬರಿಯಾಕ ನಾಚಿಕಿ ಆಕ್ಕೇತಿ, ಆದ್ರ ಇನ್ನೊಬ್ಬರದು ಹೋಗಬಾರ್ದು.

ಬಂದ ಹುಡುಗ ಭಾಳ ಸಂಭಾವಿತನಂಗ ಇದ್ದ. ಕಾಕು ಕಾಕು (ಮರಾಠಿಯೊಳಗ ಚಿಕ್ಕಮ್ಮ) ಅಂತ ಚಹಾ ಕುಡಕೊಂತ ಕುಂತು, ಮಣ್ಣಂದ್ರ ಹುಳ, ರೋಗ, ಸ್ಲ್ಯಾಬ್ ಸೋರ್ತೈತಿ, ಇದಕ್ಕ ನೀರು ಭಾಳ ಕಡಿಮಿ ಸಾಕು ಅಂದ. ನೀರಿನ ಮಾತು ಖರೇನ ಐತಿ, ಅದ ನೀರು ತಿರುಗಿ ತಿರುಗಿ ಹರೀತೈತಿ. ಜಾಗ ಬೇಕು ಅಂತ ನನ್ನ ಮೆಂತೆ, ಕೊತ್ತಂಬ್ರಿ ಪಾಟ್ ಎಲ್ಲಾ ತಗಸಿದ, ಮನ್ಯಾಗ ಮಾಡಿದ್ದ ಕಾಂಪೋಸ್ಟ್ ಸಹಿತ ಮಂದಿಗೆ ಕೊಟ್ಟಬಿಟ್ಟೆ.

ಅವ ಹೇಳದ ಇದ್ದದ್ದು ಏನಂದ್ರ, ಮಣ್ಣಿನ ಪಾಟಿಗೆ ಒಂದಿನ ನೀರು ಹಾಕದಿದ್ರೂ ಗಿಡ ತಡೀತೈತಿ, ಈ ಪೈಪಿನ್ಯಾಗ ನೀರು ತೆಳ್ಳಗ ಹರಿಯೋದಷ್ಟ, ಪಂಪ್ ನಿಂತ್ರ ಬಿಸಲಾಗ ಕೆಲವ ತಾಸಿನ್ಯಾಗ ಬೇರು ಒಣಗ್ತಾವ. ನಮ್ಮ ಕಡೆ ಗುರುವಾರ ಮೆಂಟೆನೆನ್ಸ್ ಅಂತ ಲೈಟ್ ತಗೀತಾರ, ಅದು ಅವಗ ಗೊತ್ತಿರ್ಲಿಲ್ಲೇನು? ಮತ್ತ ಏಪ್ರಿಲ್ ಬಿಸಲಿಗೆ ಟಾಕಿ ನೀರು ಕೈ ಇಟ್ರ ಬೆಚ್ಚಗ. ನೀರು ಕಾದಂಗ ಅದ್ರಾಗಿನ ಆಕ್ಸಿಜನ್ ಕಡಿಮಿ ಆಕ್ಕೇತಿ, ಬೇರು ಕೊಳೀತಾವ. ಬೆಳ್ಳಗಿರಬೇಕಾದ ಬೇರು ಕಂದು ಆಗಿದ್ವು, ಹಿಡದ್ರ ಮ್ಯಾಲಿನ ಸಿಪ್ಪಿ ಬೆರಳಿಗೆ ಜಾರಿ ಬಂದು ಒಳಗ ದಾರದಂಥಾ ಎಳಿ ಅಷ್ಟ ಉಳೀತು. ಫೋನ್ ಮಾಡಿದ್ರ "ಕಾಕು, ಟೆನ್ಶನ್ ಘೇಊ ನಕಾ" (ಟೆನ್ಶನ್ ತಗೋಬ್ಯಾಡ್ರಿ) ಅಂದ. ಆಮ್ಯಾಲೆ, ನೀವ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತಿ) 5.5ರಿಂದ 6.5ರ ಒಳಗ ಇಟ್ಟಿಲ್ಲ ಅಂತ ನನ್ನ ಮ್ಯಾಲೇ ಹಾಕಿದ. ಮೀಟರ್ ಕೊಟ್ಟಾವ ಅವನ, ಅದನ್ನ ಸರಿ ಮಾಡ್ಕೊಳ್ಳೋ ದ್ರಾವಣ ಕೊಡದಾವನೂ ಅವನ.

ಮಳಿ ಬಿದ್ದು ತಂಪಾದ ಮ್ಯಾಲೆ ಒಂದು ಬ್ಯಾಚ್ ಚಲೋ ಬಂತು. ಖುಷಿಲೆ ಫೋಟೋ ಹಾಕಿ, ಯಾವಾಗ ಒಯ್ತೀರಿ ಅಂತ ಕೇಳಿದೆ. "ಮ್ಯಾಡಂ, ಪಿಕಪ್‌ಗೆ ಮಿನಿಮಮ್ 20 ಕೆಜಿ ಬೇಕು" ಅಂತ ಮೆಸೇಜ್ ಬಂತು. ಅಲ್ಲಿತನಕ ಕಾಕು, ಈಗ ಮ್ಯಾಡಂ! ಟೆರೇಸ್ ಮ್ಯಾಲೇ ನಿಂತು ಲೆಕ್ಕ ಹಾಕಿದೆ. ಸ್ಟ್ಯಾಂಡಿನ್ಯಾಗ ಇರೋದ 72 ತೂತು. ಅವನ ಬ್ರೋಶರಿನ್ಯಾಗ ಒಂದು ಗಿಡ 150 ಗ್ರಾಂ ಅಂತ ಐತಿ. 72ಕ್ಕ 72 ಬದುಕಿದ್ರೂ ಹನ್ನೊಂದು ಕಿಲೋ ಆಗಂಗಿಲ್ಲ. ಕೈಕಾಲು ತಣ್ಣಗಾದ್ವು ನೋಡ್ರಿ. ಅಂದ್ರ ಮಾರೋ ದಿನಾನ ಗೊತ್ತಿತ್ತು ಅವಗ, ಒಂದು ಎಲಿನೂ ಕೊಳ್ಳೋದಿಲ್ಲ ಅಂತ! ಇದನ್ನ ಕೇಳಿದ್ರ ಏನಂದ ಗೊತ್ತೇನು, "ಇನ್ನೊಂದು ಸ್ಟ್ಯಾಂಡ್ ತಗೋರಿ ಮ್ಯಾಡಂ, ಡಿಸ್ಕೌಂಟ್ ಕೊಡ್ತೀನಿ." ಹನ್ನೊಂದು ಕಿಲೋ ಆಗಂಗಿಲ್ಲ ಅಂದಾಕಿಗೆ ಇನ್ನೊಂದು ಸ್ಟ್ಯಾಂಡ್!

ಮತ್ತೊಂದು. ಗಿಡದ ನೀರಿಗೆ ಕಲಸಾಕ ಎ, ಬಿ ಅಂತ ಎರಡು ಗೊಬ್ಬರದ ಪುಡಿ ಕೊಟ್ಟು ಆರ್ಗ್ಯಾನಿಕ್ ಅಂದಿದ್ದ. ವಿಜಾಪುರದಾಗ ದ್ರಾಕ್ಷಿ ತೋಟ ಇರೋ ನಮ್ಮ ತಮ್ಮ ಬಂದಾಗ 'ಎ' ನೋಡಿ, "ಅಕ್ಕಾ, ಇದು ಕ್ಯಾಲ್ಸಿಯಂ ನೈಟ್ರೇಟ್, ರಾಸಾಯನಿಕ ಗೊಬ್ಬರ, ನಾವು ಡ್ರಿಪ್ಪಿನ್ಯಾಗ ಬಿಡ್ತೀವಲ್ಲ ಅದ" ಅಂದ. ಹೈಡ್ರೋಪೋನಿಕ್ಸ್‌ಗೆ ಅದು ಬೇಕಾಗೋದ, ತಪ್ಪಲ್ಲ. ಆದ್ರ ಅದ್ರಾಗ ಬೆಳೆದದ್ದು ಸಾವಯವ ಹೆಂಗ ಆಕ್ಕೇತಿ? ಕೆಳಗಿನ ಮನಿ ಅಜ್ಜಿಗೆ ಸಾವಯವ ಅಂತ ಹೇಳಿ ಕೊಟ್ಟಿದ್ದೆ, ಈಗ ಲಿಫ್ಟಿನ್ಯಾಗ ಅವರ ಮುಖ ನೋಡಾಕ ಆಗವಲ್ದು.

ತಗೊಳ್ಳೋದಿದ್ರ ಮೊದಲು ತೂತು ಎಣಿಸ್ರಿ, ಕನಿಷ್ಠ ಎಷ್ಟು ಕಿಲೋ ಅನ್ನೋದನ್ನ ಬಿಲ್ಲಿನ ಮ್ಯಾಲೆ ಬರಸ್ಕೋರಿ. ನಮ್ಮ ಬಿಲ್ಲಿನ್ಯಾಗ "ಪ್ಲಾಂಟ್ ಸ್ಟ್ಯಾಂಡ್" ಅಂತ ಅಷ್ಟ ಐತಿ, ಬೈಬ್ಯಾಕ್ ಮಾತ ಇಲ್ಲ. ಮಣ್ಣಿನ ಪಾಟ್ ಮಾತ್ರ ಯಾರ ಹೇಳಿದ್ರೂ ತಗೀಬ್ಯಾಡ್ರಿ. ನಾನು ಗ್ರಾಹಕರ ಸಹಾಯವಾಣಿ 1915ಕ್ಕ ದೂರು ಕೊಟ್ಟೀನಿ, ಅವತ್ತಿಂದ ನನ್ನ ನಂಬರ್ ಬ್ಲಾಕ್ ಮಾಡ್ಯಾನ. ನಿಮಗೂ ಹಿಂಗ 20 ಕಿಲೋ ಅಂದಿದ್ರ ಆ ಮೆಸೇಜ್ ಅಳಸಬ್ಯಾಡ್ರಿ, ನನಗ ತಿಳಸ್ರಿ, ಕೂಡಿ ದೂರು ಕೊಡೋಣ.