ತಿಮಿಂಗಿಲ ಬೇಟೆ ಹಡಗಿನ ಕಟ್ಟಿಗಿ ಕಿಟ್: ಮೂರು ವಾರ ಜೋಡಿಸಿದ ಮ್ಯಾಲೆ

ಬೆಳಗಾವಿ ಖಡೇಬಜಾರದಾಗ ಮಗಳಿಗಂತ ತಂದದ್ದು. 1788ರಾಗ ಲಂಡನ್ನಿಂದ ಹೊಂಟು, ದಕ್ಷಿಣ ಅಮೆರಿಕದ ತೆಂಕಣ ತುದಿ ಕೇಪ್ ಹಾರ್ನ್ ಸುತ್ತಿ, ಪೆಸಿಫಿಕ್‌ನಾಗ ಸ್ಪರ್ಮ್ ತಿಮಿಂಗಿಲ ಬೇಟೆಯಾಡಿ 1790ಕ್ಕ ಎಣ್ಣಿ ತುಂಬಿಕೊಂಡು ಮರಳಿದ ಎಂಡರ್ಬಿ ಕಂಪನಿಯ ‘ಎಮಿಲಿಯಾ’ ಕಾಲದ ಹಡಗಿನ ಮಾದರಿ.

ಬೇಟೆ ದೋಣಿ ಭಾಳ ಚಂದ ಅದಾವ. ಎರಡೂ ತುದಿ ಚೂಪು. ತಿಮಿಂಗಿಲ ತಿರುಗಿಬಿದ್ದರ ಹಿಂದಕ್ಕೂ ಹುಟ್ಟು ಹಾಕಬೇಕಲ್ಲ! ಆದರ ಡೆಕ್ ಮ್ಯಾಲೆ ಇಟ್ಟಂಗಿ ಒಲಿನೇ ಇಲ್ಲ. ಕೊಬ್ಬು ಕಾಸಿ ಎಣ್ಣಿ ತಗಿಯೂ ಒಲಿ ಅದು. ಅದಿಲ್ಲದ ವರ್ಷಗಟ್ಟಲೆ ಸಮುದ್ರದಾಗ ಬೇಟೆ ಹ್ಯಾಂಗ? ಅಂಗಳದ ಕೆಮ್ಮಣ್ಣಿನಾಗ ನಾನೇ ಮಾಡಿ ಕೂಡಿಸೀನಿ. ಹಗ್ಗಕ್ಕ ಅವ್ವನ ಹಳೇ ಇಳಕಲ್ ಸೀರಿ ದಾರ.

ಮುರಿದ ಪಟಸ್ತಂಭ ಅಂಗಡಿಯವರು ತಕರಾರಿಲ್ಲದ ಬದಲಿಸಿ ಕೊಟ್ರು. ಕೈಪಿಡಿ ಇಂಗ್ಲಿಷಿನಾಗಷ್ಟೇ ಐತಿ, ಸಣ್ಣ ಹುಡುಗರ ಕೂಡ ಹಿರಿಯರು ಕುಂದರಬೇಕು.