ಬಾಲಾಪರಾಧಿಗಳಿಗೆ ಮರಣದಂಡನೆ: ಕ್ರೈಸ್ತ ಸಭೆಯ ಚರ್ಚೆಗೆ ಡೆತ್ ಪೆನಾಲ್ಟಿ ಇನ್ಫರ್ಮೇಶನ್ ಸೆಂಟರ್ ತಾಣ ಎಷ್ಟು ಸಾಕು?

ಹದಿನೆಂಟು ತುಂಬುವ ಮೊದಲೇ ಕೊಲೆ ಮಾಡಿದವರಿಗೆ ಸರ್ಕಾರ ಸಾವಿನ ಶಿಕ್ಷೆ ಕೊಡಬಹುದೇ? ಈ ಪ್ರಶ್ನೆಯನ್ನು ಬೈಬಲ್ ಅಧ್ಯಯನದ ಗುಂಪಿಗೋ ಯುವಜನರ ಕೂಟಕ್ಕೋ ತರುವವರು ಮೊದಲು ತೆರೆಯಬೇಕಾದ ತಾಣ ಅಮೆರಿಕದ ಡೆತ್ ಪೆನಾಲ್ಟಿ ಇನ್ಫರ್ಮೇಶನ್ ಸೆಂಟರ್‌ನದು. ಓದಲು ದುಡ್ಡು ಕೊಡಬೇಕಿಲ್ಲ. ಅಂಕಿಅಂಶದ ಮಟ್ಟಿಗೆ ಐದಕ್ಕೆ ಐದು ಅಂಕ ಕೊಡಬಹುದು. ಕ್ರೈಸ್ತ ವಾದಗಳ ಮಟ್ಟಿಗೆ ಎರಡೂವರೆಗಿಂತ ಹೆಚ್ಚು ಕೊಡಲಾಗದು.

ಮೊದಲು ಒಳ್ಳೆಯ ಭಾಗ. ಮರಣದಂಡನೆಗಳ ಡೇಟಾಬೇಸ್‌ನಲ್ಲಿ ಬಾಲಾಪರಾಧಿಗಳದ್ದೇ ಒಂದು ಫಿಲ್ಟರ್ ಇದೆ. ಅದನ್ನು ಒತ್ತಿದರೆ 1976ರ ನಂತರದ 22 ಹೆಸರುಗಳು ಬರುತ್ತವೆ: ಟೆಕ್ಸಾಸ್ 13, ವರ್ಜೀನಿಯಾ 3, ಒಕ್ಲಹೋಮ 2, ಜಾರ್ಜಿಯಾ, ಲೂಸಿಯಾನ, ಮಿಸೌರಿ, ಸೌತ್ ಕ್ಯಾರೊಲಿನಾ ತಲಾ 1. ಮೊದಲನೆಯದು 1985ರಲ್ಲಿ ಟೆಕ್ಸಾಸ್‌ನಲ್ಲಿ, ಕೊನೆಯದು 2003ರ ಏಪ್ರಿಲ್‌ನಲ್ಲಿ ಒಕ್ಲಹೋಮದಲ್ಲಿ. ಈ ಪಟ್ಟಿಯನ್ನು ಮುದ್ರಿಸಿ ಹಂಚಿದರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ಎಡವುವುದು ವಯಸ್ಸಿನ ಕಾಲಂನಲ್ಲಿ. ಅಲ್ಲಿರುವುದು ಶಿಕ್ಷೆ ಜಾರಿಯಾದ ದಿನದ ವಯಸ್ಸು, ಅಪರಾಧ ನಡೆದ ದಿನದ್ದಲ್ಲ. 1999ರಲ್ಲಿ ಒಕ್ಲಹೋಮದಲ್ಲಿ ಸತ್ತ ಶಾನ್ ಸೆಲರ್ಸ್ ಕೊಲೆ ಮಾಡಿದಾಗ 16ರವನು, ಪಟ್ಟಿಯಲ್ಲಿ ಅವನಿಗೆ 29. ಇದನ್ನು ಮೊದಲೇ ಹೇಳದಿದ್ದರೆ 'ಇವರೆಲ್ಲ ದೊಡ್ಡವರಲ್ಲವೇ' ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಚರ್ಚೆ ದಾರಿ ತಪ್ಪುತ್ತದೆ. ಈ ಡೇಟಾಬೇಸ್ ಹಳೆಯ ಕಾಲವನ್ನು ಮುಟ್ಟುವುದಿಲ್ಲ ಎಂಬುದೂ ನೆನಪಿರಲಿ. ಸೌತ್ ಕ್ಯಾರೊಲಿನಾದಲ್ಲಿ 1944ರಲ್ಲಿ ಮರಣದಂಡನೆಗೆ ಗುರಿಯಾದ, 2014ರಲ್ಲಿ ನ್ಯಾಯಾಲಯವೇ ತೀರ್ಪನ್ನು ರದ್ದು ಮಾಡಿದ 14 ವರ್ಷದ ಜಾರ್ಜ್ ಸ್ಟಿನ್ನಿ ಈ 22ರಲ್ಲಿಲ್ಲ. ಅಂಥವರನ್ನು ಹುಡುಕಲು ಅದೇ ತಾಣದಲ್ಲಿರುವ, 1608ರಿಂದ ಶುರುವಾಗುವ, ಅಮೆರಿಕದ ಹಳೆಯ ಮರಣದಂಡನೆಗಳ ಪಟ್ಟಿಯಾದ ಎಸ್ಪಿ ಕಡತಕ್ಕೆ ಹೋಗಬೇಕು. ಅದರಲ್ಲಿ ಎಷ್ಟೋ ಜನರ ವಯಸ್ಸೇ ದಾಖಲಾಗಿಲ್ಲ. ಹಾಗಾಗಿ ಅಲ್ಲಿ ಎಣಿಸಿ ಸಿಕ್ಕ ಸಂಖ್ಯೆಯನ್ನು 'ಇಷ್ಟೇ' ಎನ್ನದೆ 'ಕನಿಷ್ಠ ಇಷ್ಟು' ಎನ್ನಿ.

ಕಾನೂನಿನ ಬೆಳವಣಿಗೆ ಸ್ಪಷ್ಟವಾಗಿದೆ. ಅಮೆರಿಕದ ಸುಪ್ರೀಂ ಕೋರ್ಟಿನ 1988ರ ಥಾಮ್ಸನ್ ತೀರ್ಪು ಅಪರಾಧದ ದಿನ 16ಕ್ಕಿಂತ ಕೆಳಗಿದ್ದವರನ್ನು ಮರಣದಂಡನೆಯಿಂದ ಬಿಡಿಸಿತು. 1989ರ ಸ್ಟ್ಯಾನ್‌ಫರ್ಡ್ ತೀರ್ಪು 16, 17ರವರನ್ನು ಕೊಲ್ಲಬಹುದು ಎಂದಿತು. 2005ರ ಮಾರ್ಚ್ 1ರಂದು ರೋಪರ್ ವಿರುದ್ಧ ಸಿಮನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5–4 ಬಹುಮತದಿಂದ ಆ ಬಾಗಿಲನ್ನೂ ಮುಚ್ಚಿತು. ನ್ಯಾಯಮೂರ್ತಿ ಕೆನಡಿ ಕೊಟ್ಟ ಕಾರಣ ಮೂರು: ಹರೆಯದವರಿಗೆ ವಿವೇಕ ಬಲಿತಿರುವುದಿಲ್ಲ, ಸುತ್ತಲಿನವರ ಒತ್ತಡಕ್ಕೆ ಬೇಗ ಬಗ್ಗುತ್ತಾರೆ, ಗುಣ ಇನ್ನೂ ರೂಪುಗೊಳ್ಳುತ್ತಿರುತ್ತದೆ. ಈ ಮೂರನ್ನೂ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಕೊರತೆ ಇರುವುದು ಧರ್ಮಕ್ಕೆ ಸಂಬಂಧಿಸಿದ ಭಾಗದಲ್ಲಿ. ಅಲ್ಲಿ ಸಿಗುವುದು ಕ್ರೈಸ್ತ ಸಭೆಗಳ ಅಧಿಕೃತ ಹೇಳಿಕೆಗಳು: ಯಾರು ಪರ, ಯಾರು ವಿರೋಧ. ಆದರೆ ಇಲ್ಲಿ ಎರಡು ಪ್ರಶ್ನೆಗಳಿವೆ. ಸರ್ಕಾರಕ್ಕೆ ಪ್ರಾಣ ತೆಗೆಯುವ ಅಧಿಕಾರ ಇದೆಯೇ ಎಂಬುದು ಒಂದು. ಈ ವಯಸ್ಸಿನವನ ಮೇಲೆ ಪೂರ್ತಿ ಅಪರಾಧ ಹೊರಿಸಬಹುದೇ ಎಂಬುದು ಇನ್ನೊಂದು. ಹೇಳಿಕೆಗಳು ಮೊದಲನೆಯದಕ್ಕೆ ಉತ್ತರ ಕೊಡುತ್ತವೆ. ಅಮೆರಿಕದ ಪ್ರೊಟೆಸ್ಟಂಟ್ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟರ 2000ದ ನಿರ್ಣಯ ಮರಣದಂಡನೆಯನ್ನು ಬೆಂಬಲಿಸಿ, ಜನಾಂಗ, ವರ್ಗ, ಸ್ಥಾನಮಾನ ನೋಡದೆ ನ್ಯಾಯವಾಗಿ ಜಾರಿಯಾಗಲಿ ಎನ್ನುತ್ತದೆ. ವಯಸ್ಸಿನ ವಿಷಯವನ್ನು ಅದು ಇತ್ಯರ್ಥ ಮಾಡುವುದಿಲ್ಲ. ಕಥೋಲಿಕರ ಅಧಿಕೃತ ಬೋಧನೆಯ ಗ್ರಂಥವಾದ ಕ್ಯಾಟೆಕಿಸಂನ 2267ನೇ ಪರಿಚ್ಛೇದ, 2018ರ ತಿದ್ದುಪಡಿಯ ನಂತರ, ಮರಣದಂಡನೆಯೇ ಒಪ್ಪತಕ್ಕದ್ದಲ್ಲ ಎನ್ನುತ್ತದೆ. ಅಲ್ಲೂ ವಯಸ್ಸಿನ ಮಾತು ಬರುವುದಿಲ್ಲ, ಯಾರನ್ನೂ ಕೊಲ್ಲಬಾರದು ಎಂದ ಮೇಲೆ ಬರಬೇಕಾಗಿಯೂ ಇಲ್ಲ. ಇವೆರಡನ್ನೇ ಎದುರುಬದುರು ಇಟ್ಟರೆ ಕೂಟ ಆದಿಕಾಂಡ 9:6 (ರಕ್ತ ಸುರಿಸಿದವನ ರಕ್ತ ಸುರಿಸಬೇಕು) ಮತ್ತು ಯೋಹಾನ 8ರ (ವ್ಯಭಿಚಾರದ ಆರೋಪ ಹೊತ್ತ ಹೆಂಗಸನ್ನು ಯೇಸು ಕಲ್ಲೇಟಿನಿಂದ ಉಳಿಸಿದ್ದು) ನಡುವೆ ಸುತ್ತುತ್ತಲೇ ಇರುತ್ತದೆ. ಹದಿನಾರರ ಹುಡುಗ ಚರ್ಚೆಯಿಂದ ಮರೆಯಾಗುತ್ತಾನೆ.

ಎರಡನೆಯ ಪ್ರಶ್ನೆಗೆ ಬೇಕಾದ ಸಾಮಗ್ರಿಯನ್ನು ಬೇರೆ ಕಡೆಯಿಂದ ತರಬೇಕು. ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯ 1323ನೇ ನಿಯಮದಂತೆ 16 ತುಂಬದವರು ಸಭೆಯ ದಂಡನೆಗೆ ಒಳಪಡುವುದಿಲ್ಲ. 1324ರಂತೆ 16 ತುಂಬಿಯೂ ಅಪ್ರಾಪ್ತರಾಗಿರುವವರಿಗೆ ದಂಡನೆ ತಗ್ಗಬೇಕು. ಧರ್ಮೋಪದೇಶಕಾಂಡ 1:39 ಒಳ್ಳೆಯದು ಕೆಟ್ಟದ್ದು ತಿಳಿಯದ ಮಕ್ಕಳನ್ನು ಪ್ರತ್ಯೇಕವಾಗಿ ನೋಡುತ್ತದೆ. ಅರಣ್ಯಕಾಂಡ 14:29ರಲ್ಲಿ ಅರಣ್ಯದಲ್ಲೇ ಸಾಯುವ ತೀರ್ಪು ಇಪ್ಪತ್ತು ಮತ್ತು ಅದಕ್ಕೂ ಮೇಲಿನ ವಯಸ್ಸಿನವರಿಗೆ. ಎದುರು ಪಕ್ಷದ ಬಲವಾದ ವಚನ ಧರ್ಮೋಪದೇಶಕಾಂಡ 21:18–21, ಮೊಂಡ ಮಗನನ್ನು ಕಲ್ಲೆಸೆದು ಕೊಲ್ಲುವ ನಿಯಮ. ಅದನ್ನು ಬಚ್ಚಿಡಬೇಡಿ, ಪೂರ್ತಿ ಓದಿಸಿ. ಆ ಮಗನ ಮೇಲಿನ ದೂರಿನಲ್ಲಿ ಹೊಟ್ಟೆಬಾಕತನವೂ ಕುಡುಕತನವೂ ಸೇರಿವೆ, ಅವನು ಎಳೆಯ ಮಗುವಲ್ಲ. ತಂದೆತಾಯಿ ಇಬ್ಬರೂ ಊರಿನ ಹಿರಿಯರ ಮುಂದೆ ನಿಂತು ದೂರಬೇಕು.

ಇಲ್ಲಿಗೆ ಅತ್ಯಂತ ಬೆಲೆಯುಳ್ಳ ದಾಖಲೆ ಪ್ಯೂರಿಟನ್ನರದ್ದು, ಅಂದರೆ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಬಂದು ನೆಲೆಸಿದ ಕಟ್ಟುನಿಟ್ಟಿನ ಪ್ರೊಟೆಸ್ಟಂಟರದ್ದು. ಪ್ಲಿಮತ್ ವಸಾಹತಿನಲ್ಲಿ 1642ರಲ್ಲೇ ಥಾಮಸ್ ಗ್ರೇಂಜರ್ ಎಂಬ ಹದಿಹರೆಯದವನನ್ನು ಪಶುಸಂಭೋಗಕ್ಕೆ ಸಾವು ವಿಧಿಸುವ ಯಾಜಕಕಾಂಡ 20:15ರ ಆಧಾರದ ಮೇಲೆ ಕೊಂದಿದ್ದರು, ಬೈಬಲನ್ನೇ ಕಾನೂನಾಗಿಸಿಕೊಂಡ ಜನ ಅವರು. ಅದಾಗಿ ಕೆಲವೇ ವರ್ಷಕ್ಕೆ, 1646ರಲ್ಲಿ, ಮ್ಯಾಸಚೂಸೆಟ್ಸ್ ವಸಾಹತು ತಂದೆತಾಯಿಯನ್ನು ಶಪಿಸುವ, ಹೊಡೆಯುವ ಮಕ್ಕಳಿಗೆ ಸಾವು ಎಂದು ಬರೆದಾಗ ಮೂರು ಷರತ್ತು ಹಾಕಿತು. ವಯಸ್ಸು 16 ದಾಟಿರಬೇಕು. ಸಾಕಷ್ಟು ತಿಳಿವಳಿಕೆ ಇರಬೇಕು. ಹೆತ್ತವರು ಮಗುವಿನ ಶಿಕ್ಷಣವನ್ನು ತೀರಾ ಕಡೆಗಣಿಸಿದ್ದರೆ, ಇಲ್ಲವೇ ಕ್ರೂರವಾಗಿ ಬಡಿದು ಕೆರಳಿಸಿದ್ದರೆ ಆ ಶಿಕ್ಷೆ ಇಲ್ಲ. ವಯಸ್ಸು, ವಿವೇಕ, ಬೆಳೆದ ಮನೆ: ರೋಪರ್ ತೀರ್ಪು ತೂಗಿದ್ದೂ ಬಹುಮಟ್ಟಿಗೆ ಇವನ್ನೇ. ಮರಣದಂಡನೆಯನ್ನು ಮನಸಾರೆ ಒಪ್ಪಿದ ಕ್ರೈಸ್ತರೇ ಇದನ್ನು ತೂಗಿದ್ದರು. ಹಾಗಾಗಿ ರೋಮಾಪುರದವರಿಗೆ 13:4 ಹೇಳುವ, ಆಳುವವರ ಕೈಯ ಕತ್ತಿಯನ್ನು ಒಪ್ಪುವವನೂ, ತನ್ನ ನಿಲುವು ಬಿಡದೆಯೇ, ಅದು ಹುಡುಗನ ಮೇಲೆ ಬೀಳಬಾರದು ಎನ್ನಬಹುದು. ಹೇಳಿಕೆಗಳ ಪಟ್ಟಿಯಲ್ಲಿ ಈ ಮೂರನೆಯ ನಿಲುವಿಗೆ ಜಾಗವಿಲ್ಲ. ನಮ್ಮ ದೊಡ್ಡ ಆಕ್ಷೇಪ ಇದೇ.

ಪಕ್ಷಪಾತದ ಮಾತೂ ಇದೆ. ಮರಣದಂಡನೆ ಬೇಕೇ ಬೇಡವೇ ಎಂಬುದರಲ್ಲಿ ತನ್ನ ನಿಲುವಿಲ್ಲ, ಅದು ಜಾರಿಯಾಗುವ ರೀತಿಯನ್ನು ಮಾತ್ರ ಟೀಕಿಸುತ್ತೇನೆ ಎಂದು ಸಂಸ್ಥೆ ಹೇಳಿಕೊಳ್ಳುತ್ತದೆ. ಬೆಂಬಲಿಗರು ಇದನ್ನು ನಂಬುವುದಿಲ್ಲ. ಅಂಕಿಅಂಶವನ್ನು ಅಳುಕಿಲ್ಲದೆ ಬಳಸಿ, ವಿಶ್ಲೇಷಣೆ ಓದುವಾಗ ಎಚ್ಚರವಿರಲಿ. ಬೆಂಬಲಿಗರ ವಾದವನ್ನು ಅವರದೇ ನಿರ್ಣಯಗಳ ಮೂಲಪಾಠದಿಂದ ಓದಿಸಿ.

ಒಂದೂವರೆ ಗಂಟೆಯ ಕೂಟವಾದರೆ ಹೀಗೆ ಹಂಚಬಹುದು: 22 ಹೆಸರಿನ ಪಟ್ಟಿಗೂ ಮೂರು ತೀರ್ಪುಗಳಿಗೂ 20 ನಿಮಿಷ, ವಚನಗಳಿಗೆ 30, ಪ್ಯೂರಿಟನ್ ಷರತ್ತು ಮತ್ತು ರೋಪರ್ ಕಾರಣಗಳನ್ನು ಅಕ್ಕಪಕ್ಕ ಇಟ್ಟು ನೋಡಲು 25, ಉಳಿದ 15 ಪ್ರಾರ್ಥನೆಗೆ. ಆ ಪ್ರಾರ್ಥನೆಯಲ್ಲಿ ಕೊಲೆಯಾದವರ ಮನೆಯವರನ್ನು ಮರೆಯಬಾರದು. ಬಾಲಾಪರಾಧಿಯ ವಯಸ್ಸಿನ ಬಗ್ಗೆ ಮಾತಾಡುವ ಭರದಲ್ಲಿ ಎಷ್ಟೋ ಕೂಟಗಳು ಅವರ ದುಃಖವನ್ನು ದಾಟಿಹೋಗುತ್ತವೆ.

ಇನ್ನೊಂದು ಕೂಟ ಇಟ್ಟುಕೊಳ್ಳುವವರು 2010ರ ಗ್ರಹಾಂ, 2012ರ ಮಿಲ್ಲರ್ ತೀರ್ಪುಗಳ ಪುಟ ತೆರೆಯಲಿ. ಅವು ಬಾಲಾಪರಾಧಿಗಳಿಗೆ ಪೆರೋಲ್ ಇಲ್ಲದ ಜೀವಾವಧಿ ಶಿಕ್ಷೆ ಕೊಡುವುದರ ಬಗ್ಗೆ; ಈಗ ಉಳಿದಿರುವ ಪ್ರಶ್ನೆ ಅದೇ. ಪೋಪ್ ಫ್ರಾನ್ಸಿಸ್ 2014ರಲ್ಲಿ ಜೀವಾವಧಿಯನ್ನು ಮರೆಮಾಚಿದ ಮರಣದಂಡನೆ ಎಂದು ಕರೆದಿದ್ದರು. ಆ ಭಾಷಣದ ಪೂರ್ಣಪಾಠ ವ್ಯಾಟಿಕನ್ನಿನ ತಾಣದಲ್ಲಿದೆ.